ಹಳೆಯ ಸ್ಪೋರ್ಟ್ಸ್ ಕಾರಿಗೆ ಸರಿಯಾದ ಟೈರ್ ಅಳತೆ: ಮಲೆನಾಡಿನ ರಸ್ತೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಎಂಜಿಬಿ, ಟ್ರಯಂಫ್ ಸ್ಪಿಟ್‌ಫೈರ್‌ಗಳಂತಹ ಹಳೆಯ ಎರಡಾಸನದ ಕಾರನ್ನು ಶಿವಮೊಗ್ಗದ ಸುತ್ತಮುತ್ತ ಓಡಿಸುವವರಿಗೆ ಟೈರ್ ಬದಲಿಸುವ ಸಮಯ ಬಂದಾಗ ಸಾಮಾನ್ಯವಾಗಿ ಎರಡು ಸಲಹೆಗಳು ಸಿಗುತ್ತವೆ. ಒಂದು, "ಸ್ವಲ್ಪ ಅಗಲದ್ದು ಹಾಕಿಸಿ, ಗ್ರಿಪ್ ಚೆನ್ನಾಗಿರುತ್ತೆ" ಎಂಬುದು. ಇನ್ನೊಂದು, "ಹಳೇ ಸೈಜ್ ಈಗ ಬರಲ್ಲ ಸಾರ್, ಹತ್ತಿರದ್ದು ಯಾವುದಾದ್ರೂ ಹಾಕೋಣ" ಎಂಬುದು. ಎರಡನ್ನೂ ಪರೀಕ್ಷಿಸದೆ ಒಪ್ಪಬಾರದು. ವರ್ಷಕ್ಕೆ ಐದಾರು ತಿಂಗಳು ಒದ್ದೆಯಾಗಿರುವ, ಕಿರಿದಾದ, ತಿರುವುಗಳೇ ತುಂಬಿರುವ ನಮ್ಮ ರಸ್ತೆಗಳಿಗೆ ಕಾರು ತಯಾರಾದಾಗ ಇದ್ದಂತಹ ಎತ್ತರದ, ಅಗಲ ಕಡಿಮೆಯ ಟೈರೇ ಹೆಚ್ಚು ಸೂಕ್ತ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಅಂತಹ ಅಳತೆಗಳಲ್ಲಿ ಕೆಲವಾದರೂ ಇಂದಿಗೂ ಊರಿನ ಟೈರ್ ಅಂಗಡಿಯಲ್ಲೇ ಸಿಗುತ್ತವೆ. ಅಳತೆಯನ್ನು ಗೊತ್ತುಮಾಡುವ ಕ್ರಮವನ್ನು ಎಂಜಿಬಿಯನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಹೆಜ್ಜೆ 1: ಕಾರಿನ ಮೂಲ ಅಳತೆಯನ್ನು ಪತ್ತೆಹಚ್ಚಿ

ಈಗ ಕಾರಿನಲ್ಲಿರುವ ಟೈರಿನ ಮೇಲೆ ಬರೆದಿರುವುದನ್ನೇ ಮೂಲ ಅಳತೆ ಎಂದು ನಂಬಬೇಡಿ. ಐವತ್ತು ಅರವತ್ತು ವರ್ಷಗಳಲ್ಲಿ ಹಲವು ಕೈ ಬದಲಾಗಿರುವ ಕಾರಿಗೆ ಯಾವ ಮಾಲೀಕರು ಏನು ಹಾಕಿಸಿದ್ದರೋ ಹೇಳಲಾಗದು. ಕೆಲವೊಮ್ಮೆ ಮುಂದೆ ಒಂದು ಅಳತೆ, ಹಿಂದೆ ಇನ್ನೊಂದು ಅಳತೆ ಇರುವುದೂ ಉಂಟು. ಕಾರಿನ ಜೊತೆಗೆ ಬಂದ ಕೈಪಿಡಿ ಅಥವಾ ಆ ಮಾದರಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ನೋಡಿ, ನಿಮ್ಮ ಕಾರು ತಯಾರಾದ ವರ್ಷಕ್ಕೆ ಸಂಬಂಧಿಸಿದ ಪುಟವನ್ನೇ ಓದಿ. ಒಂದೇ ಹೆಸರಿನ ಕಾರಿಗೂ ವರ್ಷದಿಂದ ವರ್ಷಕ್ಕೆ ಅಳತೆ ಬದಲಾಗಿದೆ.

1962ರಿಂದ 1980ರವರೆಗೆ ತಯಾರಾದ ಎಂಜಿಬಿಯ ಆರಂಭದ ಕಾರುಗಳು 5.60-14 ಅಳತೆಯ ಟೈರಿನೊಂದಿಗೆ ಬಂದವು. ಮುಂದೆ ರೇಡಿಯಲ್ (ಒಳಗಿನ ದಾರಗಳು ಅಡ್ಡಕ್ಕೆ ನೇರವಾಗಿ ಹಾಯುವ ಬಗೆಯ ಟೈರ್) ಬಂದಾಗ ತೆರೆದ ಕಾರಿಗೆ 155 ಎಸ್‌ಆರ್ 14 (ಎಸ್ ವೇಗದ ದರ್ಜೆ, ಆರ್ ಎಂದರೆ ರೇಡಿಯಲ್), ಮೇಲ್ಛಾವಣಿ ಇರುವ ಜಿಟಿಗೆ 165 ಎಸ್‌ಆರ್ 14 ಬಳಕೆಗೆ ಬಂದವು. ಸ್ಪಿಟ್‌ಫೈರ್ ಮೊದಲಿಗೆ 5.20-13ರಲ್ಲಿ ಓಡಿತು, ಬಳಿಕ 145 ಎಸ್‌ಆರ್ 13ಕ್ಕೆ, ಕೊನೆಯ 1500 ಮಾದರಿಯಲ್ಲಿ 155 ಎಸ್‌ಆರ್ 13ಕ್ಕೆ ಬದಲಾಯಿತು. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ತಯಾರಿಸುತ್ತಿದ್ದ ಹೆರಾಲ್ಡ್‌ಗೂ ಸ್ಪಿಟ್‌ಫೈರ್‌ಗೂ ತಳದ ರಚನೆಯಲ್ಲಿ ನೆಂಟಸ್ತಿಕೆ ಇರುವುದರಿಂದ, ಹೆರಾಲ್ಡ್ ಉಳಿಸಿಕೊಂಡಿರುವವರಿಗೂ 13 ಇಂಚಿನ ಬಗ್ಗೆ ಇಲ್ಲಿ ಹೇಳುವ ಮಾತು ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 2: ಹಳೆಯ ಅಳತೆಯನ್ನು ಇಂದಿನ ಲೆಕ್ಕಕ್ಕೆ ತನ್ನಿ

5.60-14 ಎಂದರೆ ಟೈರಿನ ಅಗಲ 5.60 ಇಂಚು, ರಿಮ್ಮಿನ ವ್ಯಾಸ 14 ಇಂಚು. ಇದು ಒಳಗಿನ ದಾರಗಳು ಓರೆಯಾಗಿ ಒಂದನ್ನೊಂದು ದಾಟುವ, ನಮ್ಮ ಅಂಗಡಿಗಳಲ್ಲಿ ನೈಲಾನ್ ಟೈರ್ ಎಂದು ಕರೆಯುವ ಹಳೆಯ ಬಗೆ. ಇದರ ಸೈಡ್‌ವಾಲ್, ಅಂದರೆ ರಿಮ್ಮಿನಿಂದ ನೆಲ ಮುಟ್ಟುವ ಭಾಗದವರೆಗಿನ ಟೈರಿನ ಪಕ್ಕೆಯ ಎತ್ತರ, ಅಗಲದ ಸುಮಾರು ಶೇ. 95ರಷ್ಟಿರುತ್ತದೆ. 5.60 ಇಂಚು ಎಂದರೆ 142 ಮಿ.ಮೀ.; ಅದರ ಶೇ. 95 ಎಂದರೆ 135 ಮಿ.ಮೀ. ಮೇಲೆ ಕೆಳಗೆ ಎರಡು ಸೈಡ್‌ವಾಲ್ ಸೇರಿ 270, ರಿಮ್ಮಿನ 355.6 ಸೇರಿಸಿದರೆ ಟೈರಿನ ಒಟ್ಟು ವ್ಯಾಸ ಸುಮಾರು 626 ಮಿ.ಮೀ. ಆಗುತ್ತದೆ.

ಹಳೆಯ ರೇಡಿಯಲ್‌ಗಳಲ್ಲಿ 165 ಎಸ್‌ಆರ್ 14 ಎಂದಷ್ಟೇ ಇದ್ದು, ಸೈಡ್‌ವಾಲ್ ಪ್ರಮಾಣವನ್ನು ನಮೂದಿಸಿರುವುದಿಲ್ಲ. ಅಂತಹ ಕಡೆ ಅದು ಶೇ. 80ರಿಂದ 82 ಎಂದು ತಿಳಿಯಬೇಕು. ಇಂದಿನ ಟೈರಿನಲ್ಲಿ ಅದು ಸ್ಪಷ್ಟವಾಗಿ 165/80 ಆರ್ 14 ಎಂದು ಬರೆದಿರುತ್ತದೆ: ಅಗಲ 165 ಮಿ.ಮೀ., ಸೈಡ್‌ವಾಲ್ ಅದರ ಶೇ. 80, ರೇಡಿಯಲ್ ರಚನೆ, 14 ಇಂಚಿನ ರಿಮ್. ಲೆಕ್ಕ ಹೀಗೆ: 165ರ ಶೇ. 80 ಅಂದರೆ 132, ಅದರ ಎರಡರಷ್ಟು 264, ಅದಕ್ಕೆ 355.6 ಕೂಡಿಸಿದರೆ 619.6 ಮಿ.ಮೀ. ಮೂಲ 626ಕ್ಕೆ ಹೋಲಿಸಿದರೆ ಶೇ. 1ರಷ್ಟು ಮಾತ್ರ ಕಡಿಮೆ. 5.60-14ರಲ್ಲಿ ಹುಟ್ಟಿದ ಎಂಜಿಬಿಗೆ 165/80 ಆರ್ 14 ಸಹಜವಾದ ಉತ್ತರಾಧಿಕಾರಿ ಎಂದು ಹೇಳುವುದಕ್ಕೆ ಆಧಾರ ಇದೇ.

ಇದೇ ರೀತಿ 5.20-13ರ ವ್ಯಾಸ ಸುಮಾರು 581 ಮಿ.ಮೀ. ಬರುತ್ತದೆ, 155/80 ಆರ್ 13ರದು 578. ಇಲ್ಲಿಯೂ ಹೊಂದಾಣಿಕೆ ಸೊಗಸಾಗಿದೆ.

ಅಂಗಡಿಯವರು ಬೇರೆ ಅಳತೆ ತೋರಿಸಿದಾಗ ಇದೇ ಲೆಕ್ಕವನ್ನು ಅಲ್ಲಿಯೇ ಮೊಬೈಲಿನಲ್ಲಿ ಮಾಡಿ ನೋಡಿ. 175/70 ಆರ್ 14ರ ವ್ಯಾಸ 600.6 ಮಿ.ಮೀ., ಅಂದರೆ 165/80ಕ್ಕಿಂತ ಶೇ. 3 ಕಡಿಮೆ. 185/70 ಆರ್ 14ರದು 614.6, ಶೇ. 1ಕ್ಕಿಂತಲೂ ಕಡಿಮೆ ವ್ಯತ್ಯಾಸ. ಈಗಿನ ಕಾರುಗಳಿಂದಾಗಿ ಸುಲಭವಾಗಿ ಸಿಗುವ 185/60 ಆರ್ 14ರದು ಕೇವಲ 577.6, ವ್ಯತ್ಯಾಸ ಶೇ. 6.8. ವ್ಯಾಸದಲ್ಲಿ ಶೇ. 2ರ ಒಳಗಿದ್ದರೆ ನಿಶ್ಚಿಂತೆ, 3ರವರೆಗೆ ಸಹಿಸಬಹುದು, ಅದನ್ನು ಮೀರಿದ್ದನ್ನು ಬಿಟ್ಟುಬಿಡಿ.

ಏಕೆ ಬಿಡಬೇಕು ಎಂಬುದನ್ನು 185/60ರಲ್ಲೇ ನೋಡಬಹುದು. ವ್ಯಾಸ 42 ಮಿ.ಮೀ. ಇಳಿದರೆ ಕಾರು 21 ಮಿ.ಮೀ. ನೆಲಕ್ಕೆ ಹತ್ತಿರವಾಗುತ್ತದೆ. ಮೊದಲೇ ತಗ್ಗಾಗಿರುವ ಕಾರಿನ ಸೈಲೆನ್ಸರ್ ಪೈಪು ಪ್ರತಿ ಊರಿನ ಬಾಗಿಲಲ್ಲಿರುವ ಹಂಪುಗಳಿಗೆ ಉಜ್ಜುವುದಕ್ಕೆ ಅಷ್ಟೇ ಸಾಕು. ಸ್ಪೀಡೋಮೀಟರ್ 60 ತೋರಿಸುವಾಗ ಕಾರು ಓಡುತ್ತಿರುವುದು ಸುಮಾರು 56ರಲ್ಲಿ. ಕಿಲೋಮೀಟರ್ ಲೆಕ್ಕವೂ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕಾಗುತ್ತದೆ. ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರ್) ಇಲ್ಲದ ನಾಲ್ಕು ಗೇರಿನ ಕಾರಿನಲ್ಲಿ ಭದ್ರಾವತಿ ದಾಟಿ ಬೆಂಗಳೂರಿನ ಕಡೆ ಹೋಗುವಾಗ ಈ ಸದ್ದು ಕಿವಿಗೆ ಚೆನ್ನಾಗಿಯೇ ತಿಳಿಯುತ್ತದೆ.

ಹೆಜ್ಜೆ 3: ರಿಮ್ಮಿನ ಅಗಲ ಅಳೆಯಿರಿ

ರಿಮ್ಮಿನ ಒಳಭಾಗದಲ್ಲಿ 4½ಜೆ × 14 ಎಂಬಂತಹ ಗುರುತು ಇರಬಹುದು. ತುಕ್ಕು, ಬಣ್ಣಗಳಡಿ ಮುಚ್ಚಿಹೋಗಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ ನೋಡಿ. ಗುರುತು ಸಿಗದಿದ್ದರೆ ಟೈರ್ ಬಿಚ್ಚಿದಾಗ ಅಳೆಯಬೇಕು. ಟೈರಿನ ಅಂಚು ಆನಿಕೊಳ್ಳುವ ಎರಡು ತುಟಿಗಳ ಒಳಮುಖಗಳ ನಡುವಿನ ಅಂತರವೇ ರಿಮ್ಮಿನ ಅಗಲ. ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದರೆ ಸುಮಾರು ಒಂದು ಇಂಚು ಹೆಚ್ಚು ಬರುತ್ತದೆ, ತಪ್ಪು ಟೈರ್ ಆರಿಸುವುದಕ್ಕೆ ಅದು ದಾರಿಯಾಗುತ್ತದೆ.

165/80 ಟೈರಿಗೆ 4ರಿಂದ 5½ ಇಂಚಿನ ರಿಮ್ ಸರಿಹೊಂದುತ್ತದೆ. 175/70 ಮತ್ತು 185/70ಕ್ಕೆ ಕನಿಷ್ಠ 4½ ಇಂಚು ಬೇಕು, 5 ಅಥವಾ 5½ ಇದ್ದರೆ ಒಳ್ಳೆಯದು. 185/60ಕ್ಕೆ 5 ಇಂಚು ಕನಿಷ್ಠ. ಎಂಜಿಬಿಯ ಸ್ಪೋಕ್ ವೀಲ್‌ಗಳು ಬಹುಪಾಲು 4½ ಇಂಚಿನವು, ಮುಂದೆ ಬಂದ ರೋಸ್ಟೈಲ್ ಉಕ್ಕಿನ ಡಿಸ್ಕ್‌ಗಳು 5 ಇಂಚಿನವು. ಕಿರಿದಾದ ರಿಮ್ಮಿಗೆ ಅಗಲದ ಟೈರ್ ಹಾಕಿದಾಗ ಸೈಡ್‌ವಾಲ್ ಬಲ್ಬಿನಂತೆ ಉಬ್ಬಿ, ತಿರುವಿನಲ್ಲಿ ರಿಮ್ ಒಂದು ಕಡೆ, ಟ್ರೆಡ್ (ನೆಲ ಮುಟ್ಟುವ, ಗೀರುಗಳಿರುವ ಮೈ) ಒಂದು ಕಡೆ ಜರುಗಿದ ಅನುಭವವಾಗುತ್ತದೆ. ಟ್ರೆಡ್ಡಿನ ನಡುಭಾಗ ಬೇಗ ಸವೆಯುವುದಕ್ಕೂ ಇದೇ ಕಾರಣವಾಗಬಹುದು.

ಹೆಜ್ಜೆ 4: ಅಗಲವನ್ನು ರಸ್ತೆ ನೋಡಿ ತೀರ್ಮಾನಿಸಿ

ಒಣಗಿದ, ನಯವಾದ, ಅಗಲವಾದ ರಸ್ತೆಯಲ್ಲಿ ಅಗಲದ ಟೈರ್ ಹೆಚ್ಚು ಹಿಡಿತ ಕೊಡುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ನಮ್ಮ ರಸ್ತೆ ಅಂಥದ್ದಲ್ಲ. ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಘಟ್ಟದಲ್ಲಿ 14 ಹೇರ್‌ಪಿನ್ ತಿರುವುಗಳನ್ನು ಇಳಿದು ಸೋಮೇಶ್ವರ ತಲುಪುವ ದಾರಿಯನ್ನು ಅಥವಾ ಹುಲಿಕಲ್ ಘಾಟಿಯನ್ನು ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಮೇಲಿನ ದರೆಯಿಂದ ಕೆಮ್ಮಣ್ಣಿನ ನೀರು ರಸ್ತೆಗೆ ಅಡ್ಡವಾಗಿ ಹರಿಯುತ್ತಿರುತ್ತದೆ. ಬಿಸಿಲೇ ಕಾಣದ ತಿರುವುಗಳಲ್ಲಿ ಡಾಂಬರಿನ ಅಂಚಿಗೆ ಪಾಚಿ ಹತ್ತಿರುತ್ತದೆ, ಕೊಳೆತ ಎಲೆ ಅಂಟಿಕೊಂಡಿರುತ್ತದೆ. ಇಲ್ಲಿ ಟೈರಿನ ಮುಖ್ಯ ಕೆಲಸ ತನ್ನ ಅಡಿಯ ನೀರನ್ನು, ರಾಡಿಯನ್ನು ಪಕ್ಕಕ್ಕೆ ಸರಿಸಿ ಡಾಂಬರನ್ನು ಮುಟ್ಟುವುದು.

ಕಿರಿದಾದ ಟೈರ್ ನೆಲವನ್ನು ಮುಟ್ಟುವ ಭಾಗ ಉದ್ದವಾಗಿಯೂ ಅಡ್ಡಕ್ಕೆ ಚಿಕ್ಕದಾಗಿಯೂ ಇರುತ್ತದೆ. ಅದರ ಮುಂದಿನ ನೀರು ಪಕ್ಕಕ್ಕೆ ಹೋಗಲು ಕ್ರಮಿಸಬೇಕಾದ ದೂರ ಕಡಿಮೆ, ನೀರು ಬೇಗ ಸರಿಯುತ್ತದೆ. ಅಗಲದ ಟೈರಿನಡಿ ನೀರಿಗೆ ದಾರಿ ದೂರವಾಗಿ, ಟೈರ್ ನೀರಿನ ಪದರದ ಮೇಲೆ ತೇಲಲು ಬೇಗ ಶುರುವಾಗುತ್ತದೆ. ಒಂದು ಟನ್ನಿನ ಆಸುಪಾಸಿನಲ್ಲಿರುವ ಹಗುರ ಕಾರಿನಲ್ಲಿ ಈ ತೇಲುವಿಕೆ ಇನ್ನೂ ಸುಲಭ. ಗಾಳಿಯ ಒತ್ತಡವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಾಸಾ ವಿಮಾನದ ಟೈರುಗಳ ಅಧ್ಯಯನದಿಂದ ಕೊಟ್ಟ ಸೂತ್ರದ ಪ್ರಕಾರ, ಟ್ರೆಡ್ ಸವೆದ ಟೈರ್ 24 ಪಿಎಸ್‌ಐ ಗಾಳಿಯಲ್ಲಿ ನಿಂತ ನೀರಿನ ಮೇಲೆ ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ತೇಲತೊಡಗುತ್ತದೆ, ಗಾಳಿ ಇನ್ನೂ ಕಡಿಮೆಯಿದ್ದರೆ ಅದಕ್ಕಿಂತ ಮೊದಲೇ.

ಎರಡನೆಯ ಕಾರಣ ಸ್ಟೀರಿಂಗ್. ಈ ಕಾರುಗಳಲ್ಲಿ ಪವರ್ ಸ್ಟೀರಿಂಗ್ ಇಲ್ಲ. ಹೇರ್‌ಪಿನ್ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂದಾಗ, ಬಹುತೇಕ ನಿಂತೇಬಿಟ್ಟ ವೇಗದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಬೇಕಾಗುತ್ತದೆ. 165ರ ಟೈರಿನಲ್ಲಿ ಸಲೀಸಾಗಿ ಆಗುವ ಈ ಕೆಲಸ 185ರಲ್ಲಿ ತೋಳಿಗೆ ಭಾರವಾಗುತ್ತದೆ, 195ರಲ್ಲಿ ಬೇಸರ ತರಿಸುತ್ತದೆ. ಹೆಚ್ಚಿದ ಬಲ ಕೈಯಲ್ಲಿ ಮುಗಿಯುವುದಿಲ್ಲ. ಕಿಂಗ್‌ಪಿನ್, ಬುಷ್, ವೀಲ್ ಬೇರಿಂಗ್‌ಗಳಿಗೂ ಹೋಗುತ್ತದೆ. ಈ ಭಾಗಗಳು ಹೊಸದಾಗಿ ಸುಲಭಕ್ಕೆ ಸಿಗುವಂಥವಲ್ಲ ಎಂಬುದು ಹಳೆಯ ಕಾರಿನವರಿಗೆಲ್ಲ ಗೊತ್ತು.

ಮೂರನೆಯದು ಎತ್ತರದ ಸೈಡ್‌ವಾಲ್‌ನ ಲಾಭ. 165/80ರಲ್ಲಿ ರಿಮ್ಮಿಗೂ ಗುಂಡಿಗೂ ನಡುವೆ 132 ಮಿ.ಮೀ. ರಬ್ಬರ್ ಮತ್ತು ಗಾಳಿ ಇರುತ್ತದೆ. 185/60ರಲ್ಲಿ 111 ಮಾತ್ರ. ಮಳೆ ನಿಂತ ಮೇಲಿನ ನಮ್ಮ ಗುಂಡಿಗಳ ಚೂಪು ಅಂಚಿಗೆ ಸ್ಪೋಕ್ ವೀಲ್ ಬಡಿದರೆ ರಿಮ್ ಬಾಗಬಹುದು, ಸ್ಪೋಕ್ ಸಡಿಲವಾಗಬಹುದು. ಸ್ಪೋಕ್ ವೀಲನ್ನು ಸರಿಯಾಗಿ ಬಿಗಿದು ನೇರಮಾಡಿ ಕೊಡುವವರು ವಿರಳ. ಆ 21 ಮಿ.ಮೀ.ಗೆ ಬೆಲೆ ಇದೆ.

ಸ್ಪಿಟ್‌ಫೈರ್, ಹೆರಾಲ್ಡ್‌ಗಳ ಮಾಲೀಕರು ಇನ್ನೊಂದನ್ನು ಗಮನಿಸಬೇಕು. ಇವುಗಳ ಹಿಂದಿನ ಚಕ್ರಗಳು ಸ್ವಿಂಗ್ ಆಕ್ಸಲ್ ಮೇಲೆ, ಅಂದರೆ ಕಾರಿನ ನಡುಭಾಗದ ಕಡೆ ಮಾತ್ರ ಕೀಲಿದ್ದು ಚಕ್ರದೊಂದಿಗೇ ಮೇಲೆ ಕೆಳಗೆ ತೂಗುವ ಆಕ್ಸಲ್ ಮೇಲೆ, ನಿಂತಿವೆ. ತಿರುವಿನಲ್ಲಿ ತಟ್ಟನೆ ಆಕ್ಸಿಲರೇಟರ್ ಬಿಟ್ಟಾಗ ಹಿಂಭಾಗ ಎದ್ದು, ಚಕ್ರ ಒಳಕ್ಕೆ ಮಡಚಿಕೊಳ್ಳುವ ಸ್ವಭಾವ ಈ ರಚನೆಗಿದೆ. ಹಿಡಿತ ಹೆಚ್ಚಿದಷ್ಟೂ ಆ ಮಡಚುವ ಬಲ ಹೆಚ್ಚುತ್ತದೆ. ಆ ಕಾರಣಕ್ಕೆ ಈ ಕಾರುಗಳಿಗೆ 155/80 ಆರ್ 13ರಿಂದ ಆಚೆಗೆ ಹೋಗಬೇಡಿ ಎನ್ನುತ್ತೇನೆ.

ಹೆಜ್ಜೆ 5: ಮಡ್‌ಗಾರ್ಡ್ ಒಳಗಿನ ಜಾಗ ಪರೀಕ್ಷಿಸಿ

ಮೂಲ ಅಳತೆಗೇ ಅಂಟಿಕೊಂಡವರು ಇದನ್ನು ಒಮ್ಮೆ ನೋಡಿ ಮುಂದುವರಿಯಬಹುದು. 175 ಅಥವಾ 185ರ ಕಡೆ ಮನಸ್ಸಿರುವವರು ಖರೀದಿಗೆ ಮುಂಚೆ ಮಾಡಲೇಬೇಕಾದ ಕೆಲಸವಿದು. ಹಳೆಯ ಕಾರುಗಳ ಬಾಡಿ ಎಡಬಲಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಇರುವುದಿಲ್ಲ. ಟಿಂಕರಿಂಗ್ ಆದ ಕಾರಾದರೆ ಇನ್ನೂ ಹೆಚ್ಚು ವ್ಯತ್ಯಾಸ. ಒಂದು ಬದಿ ಸರಿಯಿದೆ ಎಂದು ಇನ್ನೊಂದು ಬದಿಯನ್ನು ಬಿಡಬೇಡಿ.

ಒದ್ದೆ ಜೇಡಿಮಣ್ಣಿನ ಸಣ್ಣ ಉಂಡೆಗಳನ್ನು ಮಾಡಿ, ಟೈರಿಗೆ ಎದುರಾಗಿ ಮಡ್‌ಗಾರ್ಡಿನ ಒಳತುಟಿಗೆ, ಹಿಂದೆ ಕಮಾನು ಪಟ್ಟಿಯ ಪಕ್ಕಕ್ಕೆ ಅಂಟಿಸಿ. ಇಬ್ಬರು ಕುಳಿತು, ಡಿಕ್ಕಿಯಲ್ಲಿ ಎಂದಿನ ಸಾಮಾನಿಟ್ಟು, ಒಂದೆರಡು ಹಂಪುಗಳ ಮೇಲೆ ನಿಧಾನವಾಗಿ ಓಡಿಸಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಮರಳಿ ಬಂದು ನೋಡಿದರೆ ಟೈರ್ ಎಲ್ಲಿ ಎಷ್ಟು ಹತ್ತಿರ ಬಂದಿತ್ತು ಎಂಬುದನ್ನು ಮಣ್ಣೇ ತೋರಿಸುತ್ತದೆ: ಚಪ್ಪಟೆಯಾದ ಉಂಡೆಯ ದಪ್ಪವನ್ನು ಅಳತೆಪಟ್ಟಿಯಲ್ಲಿ ಹಿಡಿದರೆ ಅದೇ ಉಳಿದಿರುವ ಜಾಗ. ಈಗಿನ ಟೈರ್ 165 ಆಗಿದ್ದು 185 ಹಾಕಬೇಕೆಂದಿದ್ದರೆ ಪ್ರತಿ ಬದಿಗೂ ಸುಮಾರು 10 ಮಿ.ಮೀ. ಕಳೆಯಿರಿ. ಕಳೆದ ಮೇಲೂ ಒಂದು ಸೆಂಟಿಮೀಟರಿಗೂ ಹೆಚ್ಚು ಉಳಿಯಬೇಕು, ಏಕೆಂದರೆ ಮಣ್ಣಿನ ತೋಟದ ರಸ್ತೆಯಲ್ಲಿ ಮೆತ್ತಿಕೊಳ್ಳುವ ಕೆಸರಿಗೂ ಅದರೊಳಗಿನ ಜಲ್ಲಿಗೂ ಜಾಗ ಬೇಕು. ಮಡ್‌ಗಾರ್ಡಿನ ತುಟಿಯನ್ನು ಬಡಿದು ಮಡಚಿ ಜಾಗ ಮಾಡಿಕೊಡುತ್ತೇವೆ ಎಂಬ ಮಾತಿಗೆ ಒಪ್ಪಬೇಡಿ. ಮಡಚಿದ ಕಡೆ ಬಣ್ಣ ಬಿರುಕು ಬಿಟ್ಟು, ನಮ್ಮ ಹವೆಯಲ್ಲಿ ಎರಡನೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.

ಹೆಜ್ಜೆ 6: ಟ್ಯೂಬ್ ಬೇಕೇ ಎಂದು ನಿರ್ಧರಿಸಿ

ಸ್ಪೋಕ್ ವೀಲ್ ಆದರೆ ಟ್ಯೂಬ್ ಬೇಕೇ ಬೇಕು. ಸ್ಪೋಕಿನ ತುದಿಗಳು ರಿಮ್ಮನ್ನು ತೂರಿಕೊಂಡು ಬರುವುದರಿಂದ ಗಾಳಿ ನಿಲ್ಲುವುದಿಲ್ಲ. ತುದಿಗಳು ಟ್ಯೂಬಿಗೆ ಚುಚ್ಚದಂತೆ ಅವನ್ನು ಮಟ್ಟಸವಾಗಿ ಉಜ್ಜಿಸಿ, ಮೇಲೆ ರಬ್ಬರ್ ಪಟ್ಟಿ ಹಾಕಿಸಿ. ಉಕ್ಕಿನ ಡಿಸ್ಕ್ ಇದ್ದರೂ ಹಳೆಯ ರಿಮ್‌ಗಳಲ್ಲಿ ಟೈರಿನ ಅಂಚು ಜಾರದಂತೆ ತಡೆಯುವ ಉಬ್ಬು ಇರುವುದಿಲ್ಲ. ಅಂಥವಕ್ಕೂ ಟ್ಯೂಬ್ ಹಾಕುವುದೇ ಕ್ಷೇಮ.

ಈಗ ಸಿಗುವ ಟೈರುಗಳು ಬಹುತೇಕ ಟ್ಯೂಬ್‌ಲೆಸ್. ಅವುಗಳಲ್ಲಿ ಟ್ಯೂಬ್ ಹಾಕಬಹುದು, ಆದರೆ ಹಾಕುವ ಮೊದಲು ಟೈರಿನೊಳಗೆ ಕೈಯಾಡಿಸಿ ನೋಡಿ. ಒಳಮೈಯಲ್ಲಿ ಎದ್ದುನಿಂತ ಗೆರೆಗಳಿದ್ದರೆ ಅವು ಟ್ಯೂಬನ್ನು ಉಜ್ಜಿ ಉಜ್ಜಿ ಸವೆಸುತ್ತವೆ. ಒಳಮೈ ನಯವಾಗಿರುವ ಬೇರೆ ಬ್ರ್ಯಾಂಡ್ ಕೇಳಿ. ಒಳಗೆ ಅಂಟಿಸಿರುವ ಕಾಗದದ ಲೇಬಲನ್ನು ಪೂರ್ತಿ ಕಿತ್ತು, ಅಂಟನ್ನೂ ಒರೆಸಿ, ಟಾಲ್ಕ್ ಪುಡಿ ಉದುರಿಸಿ. ಅವಸರದ ಹೊತ್ತಿನಲ್ಲಿ ಅಂಗಡಿಯ ಹುಡುಗರು ಇದನ್ನು ಬಿಟ್ಟುಬಿಡುವ ಸಾಧ್ಯತೆ ಇರುವುದರಿಂದ ಪಕ್ಕದಲ್ಲೇ ನಿಂತು ಮಾಡಿಸಿ. ಟ್ಯೂಬ್ ರೇಡಿಯಲ್ ಟೈರಿಗೆ ಹೊಂದುವಂಥದ್ದೇ ಆಗಿರಲಿ, ಹಳೆಯ ಟ್ಯೂಬನ್ನು ಹೊಸ ಟೈರಿಗೆ ಸೇರಿಸಬೇಡಿ.

ಹೆಜ್ಜೆ 7: ಭಾರ, ವೇಗ ಮತ್ತು ತಯಾರಿಕೆಯ ವಾರ

ಅಳತೆಯ ಪಕ್ಕದಲ್ಲಿ 85 ಟಿ ಎಂಬಂತಹ ಗುರುತಿರುತ್ತದೆ. 85 ಎಂದರೆ ಒಂದು ಟೈರ್ 515 ಕೆ.ಜಿ. ಹೊರಬಲ್ಲದು, ಟಿ ಎಂದರೆ ಗಂಟೆಗೆ 190 ಕಿ.ಮೀ. ತಡೆಯಬಲ್ಲದು. ಇಬ್ಬರು ಕುಳಿತ ಎಂಜಿಬಿಗೆ ಇವೆರಡೂ ಧಾರಾಳವಾಯಿತು. ಸರಕು ವಾಹನಗಳಿಗೆ ಬರುವ, ಎಲ್‌ಟಿ ಎಂದೋ 8 ಪಿಆರ್ ಎಂದೋ ಗುರುತಿರುವ ಟೈರನ್ನು "ಗಟ್ಟಿ ಇರುತ್ತೆ, ಪಂಕ್ಚರ್ ಆಗಲ್ಲ" ಎಂದು ತೋರಿಸಿದರೆ ಬೇಡವೆನ್ನಿ. ಅದರ ಸೈಡ್‌ವಾಲ್ ಹಗುರ ಕಾರಿಗೆ ಬಾಗುವುದೇ ಇಲ್ಲ. ಒದ್ದೆ ರಸ್ತೆಯಲ್ಲಿ ಕಾರು ಜಾರುತ್ತದೆ.

ತಯಾರಿಕೆಯ ಕಾಲವನ್ನು ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿಗಳಲ್ಲಿ ಓದಬಹುದು: 1425 ಎಂದಿದ್ದರೆ 2025ರ 14ನೇ ವಾರ. ಮೂರೇ ಅಂಕಿಗಳಿದ್ದರೆ ಅದು 2000ಕ್ಕೂ ಹಿಂದಿನ ಟೈರ್, ಟ್ರೆಡ್ ಎಷ್ಟೇ ಇರಲಿ ತೆಗೆದುಹಾಕಿ. ಹಳೆಯ ಕಾರುಗಳು ಹೆಚ್ಚು ಓಡುವುದಿಲ್ಲವಾದ್ದರಿಂದ ಟೈರ್ ಸವೆಯುವ ಮೊದಲೇ ರಬ್ಬರ್ ಗಡುಸಾಗುತ್ತದೆ. ಆರು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಿರುಕುಗಳಿಗಾಗಿ ಪರೀಕ್ಷಿಸಿ, ಹತ್ತು ವರ್ಷಕ್ಕೆ ಬದಲಿಸಿಬಿಡಿ. ಟ್ರೆಡ್ಡಿನ ನಡುವಿನ ಸವೆತದ ಗುರುತು 1.6 ಮಿ.ಮೀ.ನಲ್ಲಿ ಕಾಣಿಸಿಕೊಳ್ಳುತ್ತದೆ, ಘಟ್ಟದ ಮಳೆಗೆ ಅದು ತೀರಾ ತಡ, 3 ಮಿ.ಮೀ. ಉಳಿದಾಗಲೇ ಹೊಸದನ್ನು ಯೋಚಿಸಿ.

ಹೆಜ್ಜೆ 8: ಎಲ್ಲಿ ಹುಡುಕಬೇಕು

165/80 ಆರ್ 14 ಮಾರುತಿ ಸ್ವಿಫ್ಟ್, ಡಿಸೈರ್‌ಗಳ ಕೆಳಗಿನ ದರ್ಜೆಯ ಮಾದರಿಗಳಲ್ಲಿ ಬಂದ ಅಳತೆ. ಊರಿನ ಟ್ಯಾಕ್ಸಿಗಳಲ್ಲಿ ಡಿಸೈರ್ ಎಷ್ಟಿವೆ ಎಂಬುದನ್ನು ನೋಡಿದರೆ, ಎಂಜಿಬಿಗೆ ಬೇಕಾದ ಟೈರ್ ಶಿವಮೊಗ್ಗದಲ್ಲಷ್ಟೇ ಅಲ್ಲ, ಸಾಗರ, ತೀರ್ಥಹಳ್ಳಿಗಳಲ್ಲೂ ಸಿಗುವ ಸಂಭವ ಹೆಚ್ಚು ಎಂದು ತಿಳಿಯುತ್ತದೆ. 155/80 ಆರ್ 13 ಮಾರುತಿ ಸೆಲೆರಿಯೋ, ವ್ಯಾಗನ್ ಆರ್ ಕಾರುಗಳಿಗೆ ಬಂದಿರುವ ಅಳತೆ. ಟ್ಯಾಕ್ಸಿಗೆ ಬರುವ ಟೈರ್ ಸ್ಪೋರ್ಟ್ಸ್ ಕಾರಿಗೆ ಕೀಳು ಎಂದು ಭಾವಿಸಬೇಕಿಲ್ಲ. ಹೊಸದಾಗಿ ತಯಾರಾದ, ಐಎಸ್‌ಐ ಗುರುತಿನ, ಮಳೆಗೆ ಚೆನ್ನಾಗಿ ನೀರು ಬಿಡುವ ಗೀರುಗಳಿರುವ ಟೈರ್, ಶೋಕಿಗೆ ತರಿಸಿ ಗೋದಾಮಿನಲ್ಲಿ ವರ್ಷಗಟ್ಟಲೆ ಕುಳಿತ ಟೈರಿಗಿಂತ ಮೇಲು.

ಹಳೆಯ ಕಾಲದ ಟ್ರೆಡ್ ವಿನ್ಯಾಸವೇ ಬೇಕೆನ್ನುವವರಿಗೆ ಪಿರೆಲ್ಲಿ, ಮಿಷೆಲಿನ್ ಕಂಪನಿಗಳು ಹಳೆಯ ಕಾರುಗಳಿಗೆಂದೇ ಟೈರ್ ತಯಾರಿಸುತ್ತವೆ. ಪಿರೆಲ್ಲಿಯ ಸಿಂಟುರಾಟೊ ಅಂತಹ ಒಂದು ಸರಣಿ. ಆದರೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ್ದರಿಂದ, ಹಣ ಕಳಿಸುವ ಮುಂಚೆ ಈಗಿನ ನಿಯಮವನ್ನು ವಿಚಾರಿಸಿ. ಎಂಜಿ ಟಿಸಿಯಂತಹ 19 ಇಂಚಿನ ಚಕ್ರದ ಕಾರಿರುವವರಿಗೆ ಸ್ಥಳೀಯ ಬದಲಿಯೇ ಇಲ್ಲ. ಅವರು ಮೊದಲೇ ಯೋಜನೆ ಹಾಕಿಕೊಳ್ಳಬೇಕು.

ಯಾವುದನ್ನೇ ಕೊಂಡರೂ ಐದನ್ನು ಒಟ್ಟಿಗೆ ಕೊಳ್ಳಿ, ಸ್ಟೆಪ್ನಿಯೂ ಅದೇ ಅಳತೆಯದಾಗಿರಲಿ. ಒಂದೇ ಆಕ್ಸಲ್ಲಿನಲ್ಲಿ ನೈಲಾನ್ ಮತ್ತು ರೇಡಿಯಲ್ ಎಂದೂ ಬೆರೆಯಬಾರದು. ಮುಂದೆ ರೇಡಿಯಲ್, ಹಿಂದೆ ನೈಲಾನ್ ಹಾಕುವುದಂತೂ ಅಪಾಯಕಾರಿ: ಹಿಂಬದಿ ಮೊದಲು ಹಿಡಿತ ಬಿಟ್ಟು, ತಿರುವಿನಲ್ಲಿ ಕಾರು ಸುತ್ತಿಬಿಡುತ್ತದೆ.

ಹೆಜ್ಜೆ 9: ಹಾಕಿಸಿದ ಮೇಲೆ ತಾಳೆ ನೋಡಿ

ಕೈಪಿಡಿಯಲ್ಲಿ ಹೇಳಿದ ಗಾಳಿ ತುಂಬಿಸಿ, ಸಮತಟ್ಟಾದ ಅಂಗಳದಲ್ಲಿ ಕಾರನ್ನು ನಿಲ್ಲಿಸಿ. ಟೈರ್ ನೆಲವನ್ನು ಮುಟ್ಟುವ ಜಾಗದಲ್ಲಿ ಟೈರಿಗೂ ನೆಲಕ್ಕೂ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಒಬ್ಬರು ಸೀಟಿನಲ್ಲಿ ಕುಳಿತಿರಲಿ, ಇಬ್ಬರು ಕಾರನ್ನು ಮೆಲ್ಲನೆ ತಳ್ಳಲಿ. ಟೈರಿನ ಗೆರೆ ಮತ್ತೆ ನೆಲಕ್ಕೆ ಬಂದಾಗ ಅಲ್ಲಿ ಇನ್ನೊಂದು ಗುರುತು ಹಾಕಿ ಎರಡರ ನಡುವಿನ ಅಂತರ ಅಳೆಯಿರಿ. 165/80 ಆರ್ 14 ಆದರೆ ಅದು ಸುಮಾರು 1.89 ಮೀಟರ್ ಬರಬೇಕು. ನಾಲ್ಕೂ ಚಕ್ರಗಳಿಗೆ ಇದನ್ನು ಮಾಡಿ. ಒಂದೇ ಆಕ್ಸಲ್ಲಿನ ಎರಡರಲ್ಲಿ ವ್ಯತ್ಯಾಸ ಕಂಡರೆ ಮೊದಲು ಗಾಳಿ ನೋಡಿ, ಗಾಳಿ ಸರಿಯಿದ್ದೂ ವ್ಯತ್ಯಾಸ ಉಳಿದರೆ ಟೈರಿನ ಮೇಲೆ ಬರೆದ ಅಳತೆಯನ್ನು ಮತ್ತೊಮ್ಮೆ ಓದಿ. ಬಳಿಕ ಮೊಬೈಲಿನ ಜಿಪಿಎಸ್ ಜೊತೆ ಸ್ಪೀಡೋಮೀಟರನ್ನು ಹೋಲಿಸಿ, ಎಷ್ಟು ಹೆಚ್ಚು ಕಡಿಮೆ ತೋರಿಸುತ್ತದೆ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ಬರೆದಿಡಿ.

ಹೊಸ ಟೈರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ ನೂರಿನ್ನೂರು ಕಿಲೋಮೀಟರುಗಳನ್ನು ಬಯಲಿನ ಕಡೆ, ಒಣ ರಸ್ತೆಯಲ್ಲಿ ಓಡಿಸಿ. ಆ ಓಡಾಟ ಮುಗಿದ ಮೇಲೆ ಚಕ್ರದ ನಟ್ಟುಗಳನ್ನು, ಸ್ಪೋಕ್ ವೀಲ್ ಆದರೆ ನಡುವಿನ ರೆಕ್ಕೆ ನಟ್ಟನ್ನು, ಇನ್ನೊಮ್ಮೆ ಬಿಗಿ ನೋಡಿ. ಸ್ಪೋಕ್‌ಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ; ಬಿಗಿಯಿದ್ದದ್ದು ಗಣಗಣ ಎನ್ನುತ್ತದೆ, ಮಂಕಾಗಿ ಸದ್ದು ಮಾಡಿದ್ದು ಸಡಿಲವಾಗಿದೆ. ಅದನ್ನು ಸರಿಪಡಿಸಿದ ಮೇಲೆ ಘಟ್ಟ ಇಳಿಯಬಹುದು.